ಬೈಯುವುದರಲ್ಲಿ ನಾಪಾಸು

ಶಾಲೆಯ ವ್ಯವಹಾರ ಹೇಳುವಷ್ಟು ಓದು ನನ್ನದಲ್ಲ. ಬಲ್ಲವರು ಯಾರಾದರೂ ಬರೆಯಲಿ ಎಂದು ಕಾದೆ. ಯಾರೂ ಬರೆಯಲಿಲ್ಲ. ಹೆಚ್ಚುಕಮ್ಮಿಯಾದರೆ ಓದುವವರು ಕ್ಷಮಿಸಬೇಕು.

ಅಂಕೋಲೆಯಿಂದ ರಾಮನಗುಳಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಕರನಿರಾಕರಣೆಯ ಗದ್ದಲ ಅಡಗಿ ಎರಡು ವರ್ಷವಾಯಿತು. ಈ ಮಳೆಗಾಲ ಶಾಲೆ ನಡೆದದ್ದು ತುಳಸಿದಾಸ ಒಡೆಯರ ಗದ್ದೆಯಲ್ಲಿ. ಮಕ್ಕಳು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಸಸಿ ನೆಡುತ್ತಿದ್ದರು. ಬೆರಳು ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿ, ಸಂಜೆ ಅನ್ನದ ತುತ್ತು ಹಿಡಿಯಲೂ ಆಗುತ್ತಿರಲಿಲ್ಲ. ಮಾಸ್ತರರು ಗದ್ದೆಯ ಅಂಚಿನಲ್ಲಿ ನಿಂತು ಹಾಜರಿ ಕರೆಯುತ್ತಿದ್ದರು. "ಹಾಜರ್" ಎಂದು ಯಾರಾದರೂ ತಲೆ ಎತ್ತಿದರೆ, "ಬಗ್ಗು, ಪಾಠ ನಡೀತಾ ಉಂಟು" ಎನ್ನುತ್ತಿದ್ದರು.

ಇದಕ್ಕೆ ಉದ್ಯೋಗ ಶಿಕ್ಷಣ ಎಂದು ಹೆಸರು. ಮಕ್ಕಳನ್ನು ಜೀವನಕ್ಕೆ ತಯಾರು ಮಾಡಿರಿ ಎಂದು ಮೇಲಿನಿಂದ ಹುಕುಂ ಬಂದಿತ್ತು. ಶಾಲಾ ಕಮಿಟಿಯ ಅಧ್ಯಕ್ಷರೂ ತುಳಸಿದಾಸ ಒಡೆಯರೇ. ಯಾವ ಮಗುವಿಗೆ ಯಾವ ಜೀವನ ಎಂದು ಅವರೇ ಹಂಚಿದರು. ಅಪ್ಪನ ಕಸಬೇ ಮಗುವಿನ ಪಾಠ. ಕ್ಷೌರದವರ ಮಂಜು ಮಾಸ್ತರರ ಮೀಸೆಯ ಮೇಲೆ ಕೈ ಪಳಗಿಸುತ್ತಿದ್ದ. ಎಡಬದಿ ಮಾತ್ರ ಉಳಿದಿತ್ತು. ಗೇಣಿದಾರರ ಮಕ್ಕಳಿಗೆ ನಾಟಿ. ಒಡೆಯರ ಮಗ ರಾಜೀವನಿಗೆ ಒಡೆತನ. ಅವನು ಕೊಡೆ ಹಿಡಿದು ಕುರ್ಚಿಯಲ್ಲಿ ಕೂತು ನೆಡುವವರನ್ನು ಬೈಯಬೇಕು.

ಪಾಪ, ರಾಜೀವನಿಗೆ ಬೈಯಲು ಬರುತ್ತಿರಲಿಲ್ಲ.

"ಏ... ಸ್ವಲ್ಪ ಬೇಗ ನೆಡ್ತ್ರಾ?"

"ಥೂ! ಕೇಳೂದಲ್ಲ, ಬೈಯೂದು!" ಎಂದು ಅಪ್ಪ ಹಿಂದಿನಿಂದ ತಿವಿಯುತ್ತಿದ್ದರು.

ಒಡೆಯರ ಗೇಣಿದಾರ ಬೀರನ ಮಗಳು ಸುಕ್ರಿ ಆರನೆಯ ಇಯತ್ತೆಯಲ್ಲಿದ್ದಳು. ಏಳನೆಯದು ಅಂಕೋಲೆಯಲ್ಲಿ. ಅಲ್ಲಿ ಮುಲ್ಕಿ ಪರೀಕ್ಷೆ ಪಾಸಾದರೆ ಅವಳು ಪಾಠ ಹೇಳುವ ಅಕ್ಕೋರು ಆಗಬಹುದಿತ್ತು. ಅವಳಿಗೆ ಬೇಕಾದದ್ದು ಅದೊಂದೇ. ಆದರೆ ಕಮಿಟಿ ಕಳಿಸಬೇಕಲ್ಲ.

ಪರೀಕ್ಷೆಗೆ ಇನ್ಸ್‌ಪೆಕ್ಟರ ಸಾಹೇಬರು ಬಂದರು. ಸುಕ್ರಿ ನೆಟ್ಟ ಸಾಲು ನೋಡಿ ಹಿಗ್ಗಿದರು.

"ಬಹಳ ಚಂದ! ಪಾಸು."

"ಹಂಗಾರೆ ನಾ ಅಂಕೋಲೆಗೆ ಹೋಗೂಕೆ ಅಡ್ಡಿಲ್ಲಾ, ಸಾಯ್ಬರೆ?"

ಒಡೆಯರು ನಡುವೆ ಬಾಯಿ ಹಾಕಿದರು. "ಎಂತಕ್ಕೆ? ಕಸಬು ಕೈಗೆ ಹತ್ತಿತು. ಜೀವನಕ್ಕೆ ತಯಾರಾದೆ. ಇನ್ನು ಓದಿ ಏನ್ ಮಾಡೂದು?"

"ಕೆಟ್ಟದಾಗಿ ನೆಟ್ಟಿದ್ರೆ?" ಎಂದಳು ಸುಕ್ರಿ.

"ನಾಪಾಸು. ನಾಪಾಸಾದವರನ್ನ ಮುಂದೆ ಕಳಸೂಕೆ ಆಗ್ತದಾ?"

ಆಮೇಲೆ ರಾಜೀವನ ಸರದಿ. ಅವನು ಎದ್ದು ನಿಂತ. ಬೆವೆತ. ಮಕ್ಕಳನ್ನು ನೋಡಿ, "ನಿಮ್ದು... ನಿಮ್ದು ಊಟ ಆಯ್ತಾ?" ಎಂದ.

"ಹುಡುಗನಿಗೆ ಕಸಬು ಏನೂ ಬಂದಿಲ್ಲ" ಎಂದರು ಸಾಹೇಬರು.

"ಅದಕ್ಕೇ ಇನ್ನೂ ಓದಬೇಕು. ಅಂಕೋಲೆಗೆ ಕಳಸ್ವ" ಎಂದರು ಒಡೆಯರು.

ಸುಕ್ರಿಯ ತಾಯಿ ಹೊನ್ನು ಉಳಿದ ಆಳು ಹೆಂಗಸರೊಂದಿಗೆ ಸಸಿಯ ಹೊರೆ ಹೊತ್ತು ಬರುತ್ತಿದ್ದಳು. ಹೊರೆಯನ್ನು ಅಲ್ಲೇ ಕೆಸರಿಗೆ ಇಳಿಸಿದಳು.

"ಒಡ್ಯಾ, ಒಂದ್ ಮಾತು ಕೇಳ್ತೆ. ಬೈಯೂಕೆ ಬರದಿದ್ದವ ಓದೂಕೆ ಹೋಗ್ಬೇಕಾ?"

"ಹೌದು. ಏನೀಗ?"

"ನಮ್ ಮಕ್ಕಳಿಗೂ ಬರೂದಿಲ್ಲ. ನೆಡೂದು ನಾವು ಮನೀಲೇ ಕಲಸ್ತೆವು. ಬೈಯೂ ಪಾಠ ನಮ್ಮನೀಲಿ ಇಲ್ಲ. ಅವ್ರನ್ನೂ ಅದ್ರಲ್ಲೇ ಪರೀಕ್ಷೆ ಮಾಡ್ರಿ."

"ಏ ಕತ್ತೆ! ನಿನ್ನ ಮನೆ ಹಾಳಾಗ! ನಾಲಿಗೆ ಉದ್ದ ಆಯ್ತನೇ? ಗೇಣಿ ಬಿಡಸ್ತೆ, ಊರೇ ಬಿಡಸ್ತೆ!" ಒಡೆಯರು ಉಸಿರೆಳೆಯದೆ ಬೈದರು.

"ಒಡೇರು ಪಾಸು!" ಎಂದ ಮಂಜು.

ಗದ್ದೆಗೆ ಗದ್ದೆಯೇ ನಕ್ಕಿತು. ರಾಜೀವನೂ ನಕ್ಕ. ಕುರ್ಚಿ ಬಿಟ್ಟು ಸರಿದು, "ಕೂತ್ಕಾ ಸುಕ್ರಿ, ಈಗ ನಿನ್ನ ಪಾಳಿ" ಎಂದ.

ಕೆಸರುಗಾಲಿನಲ್ಲೇ ಅವಳು ಕೂತಳು. ಒಡೆಯರನ್ನು ಮೇಲಿನಿಂದ ಕೆಳಗೆ ನೋಡಿದಳು.

"ಒಡ್ಯಾ, ಕೆಸರು ತಂಪು ಉಂಟು. ಒಂದ್ ಚಣ ಇಳ್ದು ನೋಡ್ರಿ."

"ಇದು ಬೈಗುಳ ಅಲ್ಲ" ಎಂದರು ಸಾಹೇಬರು.

"ಬರೂದಿಲ್ಲ ಸಾಯ್ಬರೆ. ಅಂಕೋಲೆಗೆ ಕಳಸ್ರಿ."

ಉಳಿದ ಮಕ್ಕಳು ಸಸಿ ಬಿಟ್ಟು ಎದ್ದು ಬಂದು ಅವಳ ಹಿಂದೆ ಸಾಲು ನಿಂತರು. ಒಬ್ಬ "ಒಡ್ಯಾ, ನಿಮ್ಗೆ ಒಳ್ಳೇದಾಗ್ಲಿ" ಎಂದು ನಾಪಾಸಾದ. ಇನ್ನೊಬ್ಬಳು ನಾಚಿಕೊಂಡು ನಾಪಾಸಾದಳು. ಗದ್ದೆಯಲ್ಲಿದ್ದ ಹೆಂಗಸರೂ ಅಂಚಿಗೆ ಬಂದು ಕೂತರು.

"ನೀವೆಂತಕ್ಕೆ ಕೂತ್ರಿ? ಏಳ್ರಿ, ನಾಟಿ ಯಾರು ಮಾಡೂದು?" ಎಂದು ಒಡೆಯರು ಕೂಗಿದರು.

"ಮಕ್ಕಳದ್ದು ಮುಗೀಲಿ. ಆಮೇಲೆ ನಮ್ದೂ ಪರೀಕ್ಷೆ ಉಂಟಲ್ಲ" ಎಂದಳು ಹೊನ್ನು.

ಆ ದಿನದಿಂದ ಮಕ್ಕಳು ಗದ್ದೆಗಿಳಿದಿಲ್ಲ. ಶಾಲೆಯ ಒಳಗೇ ಕೂತಿದ್ದಾರೆ. ಸಾಹೇಬರು ಏನು ಬರೆದುಕೊಂಡು ಹೋದರೋ ನಾನು ನೋಡಲಿಲ್ಲ. ಒಡೆಯರು ಬೀರನ ಗೇಣಿ ಬಿಡಿಸುತ್ತಾರೋ, ಸುಕ್ರಿಯನ್ನು ಅಂಕೋಲೆಗೆ ಕಳಿಸುತ್ತಾರೋ, ಅದೂ ನನಗೆ ಗೊತ್ತಿಲ್ಲ.