ಗೇಟ್‌ಮ್ಯಾನ್ ಕೇಳಿದ ರಜಾ

ಗಂಡನ ಒದ್ದೆ ತಲೆಯನ್ನು ಒರೆಸುತ್ತಿದ್ದಾಗ ಗೋಪಾಲಮ್ಮನ ಸೊಂಟಕ್ಕೆ ಸಿಕ್ಕಿಸಿದ್ದ ಮೊಬೈಲು ಟ್ರಿಣ್ ಟ್ರಿಣ್ ಎಂದು ಬಡಿದುಕೊಂಡಿತು. ಹಳೇ ಟೆಲಿಫೋನಿನ ಆ ಸದ್ದು ಒಂದೇ ಒಂದು ಕರೆಗೆ ಮೀಸಲು. ಅವಳ ಕೈ ತಾನಾಗಿ ಫೋನೆತ್ತಿತು. ಗಂಟಲು ಸರಿಮಾಡಿಕೊಂಡು, ಗಂಡಸಿನ ದನಿ ತಂದುಕೊಂಡು, "ಹಲೋ, ಗೇಟಾ?" ಅಂದುಬಿಟ್ಟಳು.

ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದ ಮನೆಯ ಮುಂದೆ, ಶಾಮಿಯಾನದ ಕೆಳಗೆ ಸೇರಿದ್ದವರೆಲ್ಲ ತಿರುಗಿ ನೋಡಿದರು.

"ಏನೇ ಇದು? ಎಣ ಮುಂದಿಟ್ಕೊಂಡು ಅದ್ಯಾರತ್ರ ಮಾತು?" ಸತ್ತವನ ಅಕ್ಕ ರತ್ನಕ್ಕ ಸಿಡುಕಿದಳು.

ಆ ಕಡೆಯಿಂದ ಬಂದದ್ದು ವೃದ್ಧರ ಹೋಮಿನ ನರ್ಸು ತೇಜಸ್ವಿನಿಯ ದನಿ. "ಸಾರಿ ಅಮ್ಮ, ಹಾಸಿಗೆ ಎತ್ತುತಾ ಇದ್ರು. ಮ್ಯಾಟ್ ಆಫ್ ಮಾಡೋದು ಮರ್ತುಬಿಟ್ವಿ. ನಾನೂ ಅಲ್ಲಿಗೇ ಹೊರಟಿದೀನಿ."

"ಇರ್ಲಿ, ಬಾಮ್ಮ," ಎಂದು ಗೋಪಾಲಮ್ಮ ಫೋನಿಟ್ಟಳು. ಗಂಡನ ಕಿವಿಯ ಹಿಂದೆ ನೀರು ಉಳಿದಿತ್ತು. ಸೆರಗಿನ ತುದಿಯಿಂದ ಅದನ್ನು ಒತ್ತಿ ತೆಗೆದಳು.

*

ವೆಂಕಟೇಶಪ್ಪ ರೈಲ್ವೆ ಗೇಟ್‌ಮ್ಯಾನ್ ಆಗಿದ್ದ. ಚಿಕ್ಕಬಾಣಾವರದ ಆಚೆ, ಸ್ವಂತ ಊರಿಗೆ ಹೋಗುವ ದಾರಿಯ ಗೇಟಿನಲ್ಲೇ ಅವನ ನೌಕರಿ ಸವೆಯಿತು. ಸ್ಟೇಷನ್ ಮಾಸ್ಟರು ಫೋನಿನಲ್ಲಿ ಗಾಡಿ ಹೊರಟಿತೆಂದರೆ ಗೇಟು ಹಾಕಬೇಕು, ಹಾಕಿದ್ದೇನೆಂದು ತಿಳಿಸಬೇಕು, ಬಾವುಟ ಹಿಡಿದು ನಿಲ್ಲಬೇಕು. ಮದುವೆ ದಿಬ್ಬಣ ಬಂದು ನಿಂತರೂ ಅವನು ತೆರೆದವನಲ್ಲ. ಎರಡನೇ ಬಸಿರು ಇಳಿದುಹೋಗಿ ಗೋಪಾಲಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ರಜಾ ಹಾಕಲಿಲ್ಲ. ಡ್ಯೂಟಿ ಮುಗಿಸಿಕೊಂಡು ಬಂದು, ಮಂಚದ ಕಾಲುದೆಸೆಯಲ್ಲಿ ನಿಂತು, "ಊಟ ಕೊಟ್ರಾ?" ಅಂತಷ್ಟೇ ಕೇಳಿದ್ದ. ಅದನ್ನು ಅವಳು ಯಾರ ಹತ್ತಿರವೂ ಆಡಲಿಲ್ಲ, ಮರೆಯಲೂ ಇಲ್ಲ.

ರಿಟೈರಾದ ಮೇಲೆ ಅವನಿಗೆ ಮರೆವು ಹಿಡಿಯಿತು. ಮೊದಲು ಬೀದಿ ಮರೆತ, ಆಮೇಲೆ ಮಗನ ಹೆಸರು, ಕಡೆಗೆ ಹೆಂಡತಿಯ ಮುಖ. ಗೇಟೊಂದು ಮಾತ್ರ ತಲೆಯಿಂದ ಇಳಿಯಲಿಲ್ಲ. 'ಗಾಡಿ ಬಂತು, ಗೇಟು ಹಾಕಿಲ್ಲ' ಎಂದು ಎದ್ದು ಓಡುವನು. ಒಂದು ಸಂಜೆ ನಡುರಸ್ತೆಯಲ್ಲಿ ಬಸ್ಸಿಗೆ ಎದುರಾಗಿ ಎರಡೂ ಕೈ ಚಾಚಿ ನಿಂತವನನ್ನು ಜನ ಹಿಡಿದು ತಂದರು. ಮಗ ವಾಸು ವಿದ್ಯಾರಣ್ಯಪುರದ ಹೋಮಿಗೆ ಸೇರಿಸಿದ.

ಅಲ್ಲೂ ಅದೇ ಪಾಡು. ಎಲ್ಲಿದ್ದಾನೆಂದು ತಿಳಿಯಲು ಕೈಗೆ ಕಟ್ಟಿದ್ದ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದ. ಬಾಗಿಲಿನ ಅಲಾರಾಂ ಕೂಗಿದರೆ ಗಾಡಿಯೇ ಬಂತೆಂದು ಇನ್ನಷ್ಟು ಗಾಬರಿಯಾದ. ಮಾತ್ರೆ ಜಾಸ್ತಿ ಮಾಡಿದರು. ಗೋಪಾಲಮ್ಮ ನೋಡಲು ಹೋದಾಗ ಜೊಲ್ಲು ಸುರಿಸುತ್ತ ಮಂಕಾಗಿ ಕೂತಿದ್ದ.

"ಪಾಪ, ಫೋನೇ ಬರ್ದೆ ಗಾಡಿ ಬಂದ್ರೆ ಎದ್ರಕೆ ಆಗ್ದೆ ಇರ್ತದಾ?" ಅಂದಳು, ತನ್ನಷ್ಟಕ್ಕೆ ತಾನೇ.

ತೇಜಸ್ವಿನಿ ಆ ಮಾತನ್ನು ಹಿಡಿದುಕೊಂಡಳು. ಹಾಸಿಗೆಯ ಕೆಳಗೆ, ಮೈಭಾರ ತಪ್ಪಿದರೆ ಕರೆ ಹೋಗುವಂಥ ತೆಳು ಮ್ಯಾಟು ಹಾಸಿಸಿದಳು. ಅವನು ಎದ್ದರೆ ಸಾಕು, ಸಿಂಗಾಪುರದಲ್ಲಿ ಗೋಪಾಲಮ್ಮನ ಮೊಬೈಲು ಬಡಿದುಕೊಳ್ಳುವುದು, ಅವನ ಮಂಚದ ಪಕ್ಕದ ಫೋನೂ ಬಡಿದುಕೊಳ್ಳುವುದು.

ವಾಸುವಿಗೆ ಇದು ಸೇರಲಿಲ್ಲ. "ಅಪ್ಪಂಗೆ ಸುಳ್ಳು ಹೇಳ್ತಿದೀವಿ ಕಣಮ್ಮ. ಇದು ಮೋಸ."

"ಮಾತ್ರೆ ಕೊಟ್ಟು ಕೆಡವೋದು ಸತ್ಯವೇನೋ?" ಅಂದಳು.

ಮೊದಲ ದಿನ ಅವಳು ಸ್ಟೇಷನ್ ಮಾಸ್ಟರ ದನಿ ತಂದುಕೊಂಡಳು. "ಗೇಟಾ? ಗಾಡಿ ಒರಡ್ತು. ಗೇಟಾಕು."

ಆ ಕಡೆಯಿಂದ, ವರ್ಷಗಳಿಂದ ಕೇಳದಿದ್ದ ಗಟ್ಟಿ ದನಿ. "ಆಯ್ತು ಸಾರ್." ಅವನು ಕೋಣೆಯ ಬಾಗಿಲು ಮುಚ್ಚಿ, ಬಂದು ತಿಳಿಸಿ, ಟವೆಲು ಹಿಡಿದು ಕಿಟಕಿಯಲ್ಲಿ ನಿಂತ. 'ಗಾಡಿ ದಾಟಿತು, ಕೂತ್ಕೊ' ಎಂದು ಅವಳು ಅಂದಾಗ ಕೂತ. ಮೆಲ್ಲಗೆ ಮಾತ್ರೆ ಕಡಿಮೆ ಮಾಡಿದರು. ಜನ್ಮವೆಲ್ಲ 'ಇವಳೇ' ಎಂದು ಕರೆದವನು ಈಗ ಸಾರ್ ಅನ್ನುತ್ತಿದ್ದ. ಗೋಪಾಲಮ್ಮ ಒಂದು ಕೈಯಲ್ಲಿ ಮುದ್ದೆ ತೊಳಸುತ್ತ ಗಾಡಿಗಳನ್ನು ಬಿಡುತ್ತಿದ್ದಳು.

*

ತೇಜಸ್ವಿನಿ ಬಂದು ಹೆಣಕ್ಕೆ ಹಾರ ಹಾಕಿ ಕಾಲಿಗೆ ನಮಸ್ಕರಿಸಿದಳು. ರತ್ನಕ್ಕ ಅವಳನ್ನು ಬಿಡಲಿಲ್ಲ.

"ನೀನೇನಾ? ನಮ್ ಉಡುಗನ್ನ ಫೋನಲ್ಲಿ ಆಟ ಆಡುಸ್ತಿದ್ದೋಳು?"

"ಅವ್ಳನ್ನ ಯಾಕಕ್ಕ ಅಂತೀಯ? ಆಡ್ಸಿದ್ದು ನಾನು," ಅಂದಳು ಗೋಪಾಲಮ್ಮ.

"ಆಡ್ಸಿ ಏನ್ ಬಂತು? ಕೊನೇಲಿ ನಿನ್ನ ಗುರುತಾದ್ರೂ ಇತ್ತಾ ಅವ್ನಿಗೆ?"

ಗೋಪಾಲಮ್ಮ ಗಂಡನ ಕೊರಳಿನ ಹಾರ ನೇರ ಮಾಡಿದಳು.

*

ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದಿತ್ತು. ಫೋನು ಬಡಿದಾಗ ಗಂಡಸಿನ ದನಿ ಹೊರಡಲಿಲ್ಲ. "ಗೇಟಾ..." ಅಂದದ್ದು ಅವಳದೇ ಸ್ವರ. ಸಿಕ್ಕಿಬಿದ್ದೆ ಅಂದುಕೊಂಡಳು.

"ಸಾರ್," ಅಂದ ವೆಂಕಟೇಶಪ್ಪ, "ನಾಳೆ ಒಂದಿನ ರಜಾ ಬೇಕಿತ್ತು."

"ಯಾಕೆ?"

"ನಮ್ಮನೆಯವ್ಳು ಆಸ್ಪತ್ರೇಲವ್ಳೆ ಸಾರ್. ಮಗು ಓಯ್ತು. ನನ್ ಮುಂದೆ ಅಳಲ್ಲ ಅವ್ಳು. ನಾ ಆಚೆಗೆ ಬಂದ್ಮೇಲೆ ಅಳ್ತಾಳೆ. ಬಾಗ್ಲತ್ರ ನಿಂತ್ರೆ ಕೇಳುಸ್ತದೆ."

ಗೋಪಾಲಮ್ಮ ಗೋಡೆಗೆ ಒರಗಿದಳು. ಅವತ್ತು ಆಸ್ಪತ್ರೆಯಲ್ಲಿ ಅವನು ಬಾಗಿಲ ಹೊರಗೆ ನಿಂತಿದ್ದ. ಅವಳಿಗೆ ಗೊತ್ತೇ ಇರಲಿಲ್ಲ.

"ಸಾರ್? ಗೇಟು..."

"ಗೇಟಿಗೆ ಬೇರೆಯವ್ರು ಬತ್ತಾರೆ. ನೀನು ಓಗು ವೆಂಕಟೇಶಪ್ಪ. ಅವ್ಳ ಪಕ್ಕ ಕೂತ್ಕೊ."

ಮಾರನೇ ದಿನ ಜ್ವರದಲ್ಲೇ ಆಟೋ ಹಿಡಿದು ಹೋಮಿಗೆ ಹೋದಳು. ಅವನು ಇಸ್ತ್ರಿ ಅಂಗಿ ಹಾಕಿಸಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದ. "ಯಾರ್ ಬೇಕಾಗಿತ್ತು? ಇವತ್ತು ನಂಗೆ ರಜಾ," ಅಂದ, ಜಂಬದಿಂದ. "ನಮ್ಮನೆಯವ್ಳ ತಾವ ಓಗ್ಬೇಕು."

"ಓಗೋರಂತೆ. ನಾನೂ ಬತ್ತೀನಿ," ಎಂದು ಪಕ್ಕದಲ್ಲಿ ಕೂತಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನು ನೋಡಿದ, ಏನೂ ಕೇಳಲಿಲ್ಲ, ಎದ್ದು ಆಚೆಗೂ ಹೋಗಲಿಲ್ಲ. ಸಂಜೆಯವರೆಗೆ ಇಬ್ಬರೂ ಹಾಗೇ ಕೂತಿದ್ದರು. ಅವತ್ತು ಫೋನು ಬಡಿಯಲೇ ಇಲ್ಲ.

*

ಮಣ್ಣು ಮಾಡುವುದು ಊರಿನ ಹೊಲದಲ್ಲಿ ಎಂದಾಗಿತ್ತು. ಹೆಂಗಸರು ಬರಬಾರದು ಅಂದರೂ ಕೇಳದೆ ಗೋಪಾಲಮ್ಮ ವ್ಯಾನು ಹತ್ತಿದಳು. ಬೈಯುತ್ತಲೇ ರತ್ನಕ್ಕನೂ ಹತ್ತಿದಳು.

ಚಿಕ್ಕಬಾಣಾವರ ದಾಟಿದ ಮೇಲೆ ವ್ಯಾನು ನಿಂತಿತು. ಗೇಟು ಹಾಕಿತ್ತು. ಹಿಂದೆ ಬೈಕುಗಳ ಸಾಲು ಬೆಳೆಯಿತು. ವಾಸು ಇಳಿದ. "ಇಲ್ಲೇ ಕೆಲ್ಸ ಮಾಡಿದೋರು ಅಂತ ಹೇಳ್ತೀನಿ. ಒಂದ್ನಿಮಿಷ ತೆಗೀತಾರೆ."

"ಬೇಡ ಕಣೋ," ಅಂದಳು ಗೋಪಾಲಮ್ಮ. "ಗಾಡಿ ಓಗ್ಲಿ."

ಉದ್ದನೆಯ ಗೂಡ್ಸು ಗಾಡಿ. ಡಬ್ಬಿಗಳು ಮುಗಿಯುವವರೆಗೆ ವ್ಯಾನಿನ ತಗಡು ಸಣ್ಣಗೆ ಅದುರಿತು. ರತ್ನಕ್ಕ ತಮ್ಮನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು.

"ಇತ್ತು ಅಕ್ಕ," ಅಂದಳು ಗೋಪಾಲಮ್ಮ ಮೆಲ್ಲಗೆ. "ಗುರುತಿತ್ತು."

ಗೇಟು ಮೇಲೆದ್ದಿತು. ವ್ಯಾನು ಹೊರಟು ಹಳಿಗಳ ಮೇಲೆ ಏರುತ್ತಲೇ ಒಂದು ಕಡೆಗೆ ಕುಲುಕಿತು. ಗೋಪಾಲಮ್ಮ ಬಾಗಿ, ಗಂಡನ ಎದೆಯ ಮೇಲೆ ಅಂಗೈ ಊರಿ, ಅವನು ಅಲುಗದಂತೆ ಹಿಡಿದುಕೊಂಡಳು. ಎದುರಿಗೆ ಕೂತಿದ್ದ ರತ್ನಕ್ಕ ಅವನ ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು.