ಬಸುರಿಯ ಮನೆಯ ಒಲೆಗೆ ಬ್ಯಾಟರಿ ಚೂರು

ಖಾನಾಪುರದ ಕಡೆ ಮಳೆಗಾಲ ಬಂತೆಂದರೆ ಒಲೆಯ ಮುಂದೆ ಕೂತ ಹೆಂಗಸರ ಗೋಳು ಕೇಳಬೇಡಿ. ಕಟ್ಟಿಗೆಯೆಲ್ಲ ಹಸಿ. ಊದಿ ಊದಿ ಕಣ್ಣು ಕೆಂಪಾದರೂ ಸ್ನಾನದ ನೀರು ಕಾಯುವುದಿಲ್ಲ.

ಯಲ್ಲೇಶ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ಅವನು ಬೆಳಗಾವಿ ಹತ್ತಿರದ ಮಚ್ಛೆ ಎಂಬ ಊರಿನಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡೊಂದರಲ್ಲಿ ಕೆಲಸಕ್ಕಿದ್ದ. ಹೆಂಡತಿ ಪೂನಮ ಒಲೆ ಊದಿ ಬಳಲಬಾರದೆಂದು ಬ್ಯಾಟರಿ ಡಬ್ಬಿಯ ಕರಿ ಚೂರುಗಳನ್ನು ಚೀಲ ತುಂಬಿ ತರುತ್ತಿದ್ದ. ಅವನ ಅವ್ವ ಎರಡು ಚೂರು ಹಾಕಿದರೆ ಸಾಕು, ಒಲೆ ಭಗ್ಗೆಂದು ಹತ್ತುತ್ತಿತ್ತು. ಅಕ್ಕರೆಯಿಂದಲೇ ಮಾಡಿದ ಕೆಲಸ.

ಪೂನಮಳ ಮೊದಲ ಕೂಸಿಗೆ ಹುಟ್ಟುವಾಗಲೇ ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ವಾರದೊಳಗೆ ತೀರಿಹೋಯಿತು. ಗ್ರಹಣದ ದಿನ ಸೊಸೆ ಹೊರಗೆ ಬಂದದ್ದೇ ಕಾರಣವೆಂದು ಅತ್ತೆ ಚಂದ್ರವ್ವ ಓಣಿಯೆಲ್ಲ ಹೇಳಿಕೊಂಡು ಬಂದಳು. ಪೂನಮ ಎಲ್ಲ ನುಂಗಿಕೊಂಡು ಮನೆಗೆಲಸ ಮಾಡಿಕೊಂಡಿದ್ದಳು. ಈಗ ಅವಳಿಗೆ ಮತ್ತೆ ಮೂರು ತಿಂಗಳು. ಈ ಕೂಸಾದರೂ ಉಳಿಯಲಿ ಎಂಬುದೊಂದೇ ಮನೆಯವರ ಆಸೆ.

ಒಂದು ದಿನ ಆಶಾ ಕಾರ್ಯಕರ್ತೆ ರೂಪಾಲಿ ಮನೆಗೆ ಬಂದಾಗ ಬಚ್ಚಲಿನಿಂದ ಗಂಟಲು ಹಿಡಿಯುವ ಹೊಗೆ ಬರುತ್ತಿತ್ತು. ಒಲೆಯಲ್ಲಿ ಏನಿದೆ ಎಂದು ಕೇಳಿದಳು. ಚಂದ್ರವ್ವ ಮಗನನ್ನು ಹೊಗಳುತ್ತಲೇ ಚೀಲ ತೋರಿಸಿದಳು. ರೂಪಾಲಿ ಮೊದಲು ಪೂನಮಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ಅಂಗಳಕ್ಕೆ ಕರೆತಂದಳು.

“ಚಂದ್ರವ್ವ ಕಾಕು, ಈ ಚೂರಿಗೆ ಸೀಸ ಹತ್ತಿರತೈತ್ರಿ. ಸುಟ್ಟರ ಹೊಗಿಯೊಳಗ ಬರತೈತಿ, ಬೂದಿಯೊಳಗ ಉಳಿತೈತಿ. ತಾಯಿ ಮೈಯಾಗ ಹೋದದ್ದು ಕೂಸಿಗೂ ಮುಟ್ಟತೈತಿ.”

“ನಾವೂ ಹೊಗಿ ಕುಡದ ಹಡದೇವವಾ. ನಮಗೇನ ಆತು?” ಎಂದಳು ಚಂದ್ರವ್ವ.

“ನೀವು ಕಟ್ಟಿಗಿ ಉರಿಸಿದ್ರಿ. ಬ್ಯಾಟರಿ ಉರಿಸಿರಲಿಲ್ರಿ.”

ಸೀಸ ಬಸುರಿಯ ಮೈ ಸೇರಿದರೆ ಗರ್ಭಪಾತವಾಗಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಕೂಸಿನ ಮಿದುಳಿನ ಬೆಳವಣಿಗೆ ಕೆಡಬಹುದು ಎಂದು ರೂಪಾಲಿ ಬಿಡಿಸಿ ಹೇಳಿದಳು. ಹುಟ್ಟಿನಿಂದ ಬರುವ ಕೆಲವು ಅಂಗದೋಷಗಳಿಗೂ ಅದಕ್ಕೂ ನಂಟಿರಬಹುದು ಎಂದಳು. ಮೊದಲ ಕೂಸು ಹೊಟ್ಟೆಯಲ್ಲಿದ್ದಾಗಲೂ ಇದನ್ನೇ ಸುಡುತ್ತಿದ್ದಿರಾ ಎಂದು ಮೆಲ್ಲಗೆ ಕೇಳಿದಳು. ಚಂದ್ರವ್ವ ಹೌದೆಂದು ತಲೆಯಾಡಿಸಿದಳು. ಆ ಕೂಸು ಇದರಿಂದಲೇ ಹೋಯಿತೆಂದು ಈಗ ಯಾರೂ ಹೇಳಲಾರರು, ಆದರೆ ಗ್ರಹಣದಿಂದಂತೂ ಅಲ್ಲ ಎಂದು ಅವಳೇ ಹೇಳಿದಳು.

ಬೆಳಗಾವಿಯಲ್ಲಿ ಪೂನಮಳ ರಕ್ತ ಪರೀಕ್ಷೆ ಮಾಡಿಸಿದರು. ಸೀಸ ಇತ್ತು, ಇರಬಾರದಷ್ಟು ಇತ್ತು. ಮನೆಗೆ ಬಂದು ಒಲೆಯ ಬೂದಿಯನ್ನು ಧೂಳೇಳದಂತೆ ನೀರು ಚಿಮುಕಿಸಿ ತೆಗೆದರು. ಯಲ್ಲೇಶ ಶೆಡ್ಡಿನಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಬರತೊಡಗಿದ. ಕೆಲಸದ ಬಟ್ಟೆಯನ್ನು ಬೇರೆಯಾಗಿ ತಾನೇ ಒಗೆದುಕೊಂಡ. ವೈದ್ಯರು ಕೊಟ್ಟ ಕಬ್ಬಿಣಾಂಶದ, ಕ್ಯಾಲ್ಸಿಯಂ ಗುಳಿಗೆಗಳನ್ನು ಪೂನಮ ಒಂದು ದಿನವೂ ತಪ್ಪಿಸಲಿಲ್ಲ.

ಉಳಿದ ಚೂರುಗಳನ್ನು ಶೆಡ್ಡಿಗೆ ತಿರುಗಿ ಒಯ್ಯುವ ದಿನ ಬಾಜು ಮನೆಯ ಗೌರವ್ವ ಬಂದಳು. ನಿಮಗೆ ಬೇಡವಾದರೆ ನಮಗೆ ಕೊಡಿ ಎಂದಳು. ಅವಳ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಚಂದ್ರವ್ವ ಚೀಲ ಬಿಗಿಯಾಗಿ ಹಿಡಿದುಕೊಂಡಳು.

“ಕೊಡಾಂಗಿಲ್ಲ ಗೌರವ್ವ. ಮೊಮ್ಮಗ ಹೋದಾಗ ನಿನ್ನ ಮುಂದೂ ನಮ್ಮ ಸೊಸಿದ ತಪ್ಪು ಅಂದಿದ್ದೆ. ಆಕಿದೇನೂ ತಪ್ಪಿಲ್ಲ. ದಿನಾ ಇದನ್ನ ಒಲಿಗೆ ಹಾಕಾಕಿ ನಾನ.”

ಒಳಗಿದ್ದ ಪೂನಮ ಇದನ್ನು ಕೇಳಿ, ಕೂಸು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಅಕ್ಕ, ಅಣ್ಣ, ನಿಮ್ಮ ಮನೆಯ ಒಲೆಯಲ್ಲಿ ಏನು ಉರಿಯುತ್ತಿದೆ, ಇವತ್ತೇ ನೋಡಿ. ಬ್ಯಾಟರಿ ಚೂರು, ಬಣ್ಣ ಬಳಿದ ಹಳೆ ಕಟ್ಟಿಗೆ ಸುಡಬೇಡಿ, ಹಳೆ ಬಣ್ಣದಲ್ಲೂ ಸೀಸ ಇರಬಹುದು. ಬ್ಯಾಟರಿ, ಬಣ್ಣ, ಬೆಸುಗೆಯ ಕೆಲಸ ಮಾಡುವವರು ಆ ಬಟ್ಟೆಯಲ್ಲೇ ಮನೆಯೊಳಗೆ ಬರಬೇಡಿ. ಮನೆಯಲ್ಲಿ ಬಸುರಿ ಇದ್ದರೆ ನಿಮ್ಮ ಕೆಲಸ ಏನೆಂದು ಆಶಾ ಕಾರ್ಯಕರ್ತೆಗೆ ಹೇಳಿ, ರಕ್ತ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಕೂಸು ಕಳೆದುಕೊಂಡ ತಾಯಿಯ ತಲೆಗೆ ತಪ್ಪು ಕಟ್ಟಬೇಡಿ.