ಅಮ್ಮನ ಹತ್ತಿ

ಗೌಡನ ಹೊಲದ ಹತ್ತಿ ಬಿಡಿಸಿ ಬಿಡಿಸಿ ಈರಮ್ಮನ ಬೆರಳ ತುದಿಗಳು ಒಡೆದಿದ್ದವು. ಆ ನೆತ್ತರು ಅವಳಿಗೆ ಹೊಸದಲ್ಲ. ಉಚ್ಚೆಯಲ್ಲಿ ಬಂದದ್ದು ಹೊಸದು. ಮಗಳು ಹುಲಿಗೆಮ್ಮ ಅದನ್ನು ಸೀಸೆಯಲ್ಲಿ ಹಿಡಿದು, ತಾಯಿಯನ್ನು ಕುರುಗೋಡಿನಲ್ಲಿ ಬಸ್ಸು ಹತ್ತಿಸಿ ಬಳ್ಳಾರಿಯ ದವಾಖಾನೆಗೆ ಕರೆದೊಯ್ದಳು.

ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದರು.

"ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

"ಈ ನನ್ ಮಗಳು ಮೈನೆರೆಯಾಕ ಮದ್ಲೇ ನಿಂತೈತ್ರಿ."

"ಉರಿ? ನೋವು?"

"ಏನೂ ಇಲ್ರಿ. ನೀರು ಹೋದಂಗ ಹೋಗತೈತಿ."

"ನೋವಿಲ್ಲದೆ ಬರೋ ರಕ್ತಕ್ಕೇ ಹೆದರಬೇಕಮ್ಮ. ಮೂತ್ರಚೀಲದಲ್ಲಿ ಗಡ್ಡೆ ಇರಬಹುದು. ಕ್ಯಾನ್ಸರೋ ಅಲ್ಲವೋ, ದೀಪ ಇರೋ ಸಣ್ಣ ಕೊಳವೆ ಒಳಗೆ ಹಾಕಿ ನೋಡದೆ ಹೇಳೋಕಾಗಲ್ಲ. ಸೋಮವಾರ ಬಾ. ನಡುವೆ ರಕ್ತ ನಿಂತರೂ ಬಾ. ನಿಂತಿತು ಅಂತ ಮೋಸಹೋಗಬೇಡ."

ಸೋಮವಾರಕ್ಕೆ ಮೊದಲೇ ಅವಳ ಸೀರೆಯ ಕಲೆ ದೊಡ್ಡಬಸಪ್ಪಗೌಡನ ಕಣ್ಣಿಗೆ ಬಿತ್ತು. ಮೊದಲ ಸಲ ಬಿಡಿಸಿದ್ದಕ್ಕೆ ಅವನು ಕೂಲಿ ಕೊಟ್ಟಿರಲಿಲ್ಲ. ಇನ್ನು ಬಿಟ್ಟಿ ದುಡಿಯುವುದಿಲ್ಲವೆಂದು ಕೇರಿ ಪಟ್ಟು ಹಿಡಿದಿತ್ತು. ಹೊಲದಲ್ಲಿ ಹತ್ತಿ ಬಿರಿದು ನಿಂತಿತ್ತು. ಈರಮ್ಮನೋ, ಚಿಕ್ಕಂದಿನಲ್ಲೇ ಊರದೇವಿಗೆ ಹರಕೆಯಾಗಿ ಬಸವಿ ಬಿಟ್ಟಿದ್ದ ಹೆಣ್ಣು.

"ಮುದುಕಿ ಮತ್ತ ಮುಟ್ಟಾಗ್ಯಾಳ! ಅಮ್ಮನೇ ಇಕಿ ಮೈಯಾಗ ನೆರೆದಾಳ!" ಎಂದು ಪೂಜಾರಿ ಉಜ್ಜಿನಪ್ಪ ಗುಡಿಯ ಮುಂದೆ ಕೂಗಿದ. ಕೂಗಿಸಿದವನು ಗೌಡ.

ಹೊಲದ ಬದಿಯಲ್ಲೇ ಬೇವಿನ ಸೊಪ್ಪಿನ ಗುಡ್ಲು ಎದ್ದಿತು. ನೆರೆದ ಹುಡುಗಿಯನ್ನು ಕೂಡಿಸುವಂತೆ ಈರಮ್ಮನನ್ನು ಒಳಗೆ ಕೂಡಿಸಿದರು.

"ಈ ಹತ್ತಿ ಅಮ್ಮನ ಹತ್ತಿ. ಕೂಲಿ ಕೇಳಿದವರ ಮನಿ ಹಾಳಾಕೈತಿ," ಎಂದ ಗೌಡ.

ಬಿಟ್ಟಿ ಒಲ್ಲೆವೆಂದು ಮೊದಲು ಎದ್ದುನಿಂತಿದ್ದ ಓಬಣ್ಣನೇ ಈಗ ಮೊದಲು ಅಡ್ಡಬಿದ್ದ. ಜೋಳಿಗೆ ಕಟ್ಟಿ ಹೊಲಕ್ಕಿಳಿದ.

"ಡಾಕ್ಟ್ರು ಸೋಮಾರ ಬಾ ಅಂದಾರ್ರಿ," ಹುಲಿಗೆಮ್ಮ ಗೋಗರೆದಳು.

"ಅಮ್ಮನ ಮೈಗೆ ಡಾಕ್ಟ್ರು ಕೈ ಹಚ್ಚಬೇಕೇನು? ಊರು ಸುಟ್ಟೀತು!" ಎಂದು ಗೌಡ ಗದರಿದ.

ಸೋಮವಾರ ಹೋಯಿತು. ಮರುದಿನ ನೆತ್ತರು ತಾನೇ ನಿಂತಿತು.

"ನೋಡ್ರಿ, ಪೂಜಿ ಅಮ್ಮಗ ಮುಟ್ಟೈತಿ," ಎಂದ ಉಜ್ಜಿನಪ್ಪ. ಜನ ಇನ್ನಷ್ಟು ಬಗ್ಗಿದರು. ಹುಲಿಗೆಮ್ಮನ ಮಾತಿಗೆ ಕಿವಿಗೊಡುವವರೇ ಇಲ್ಲವಾದರು.

ಕೆಲವು ದಿನಕ್ಕೆ ಮತ್ತೆ ಬಂತು, ಹೆಪ್ಪುಹೆಪ್ಪಾಗಿ. ಈಗ ಸೊಂಟ ಕಿತ್ತು ಬರುವ ನೋವು. ಕಥೆಯೊಳಗಿನ ದೇವಿಯರಿಗೆ ಉಚ್ಚೆ ಬರುವುದಿಲ್ಲ. ಈರಮ್ಮನಿಗೆ ಗಳಿಗೆಗೊಮ್ಮೆ ಬರುತ್ತಿತ್ತು, ಬಂದು ಕಟ್ಟಿಕೊಳ್ಳುತ್ತಿತ್ತು. ಅವಳು ಚೀರಿದರೆ ಹೊರಗೆ ಕೈಮುಗಿಯುತ್ತಿದ್ದರು.

"ನಾ ಅಮ್ಮ ಆದ್ರ ನನ್ ಮಾತು ಕೇಳ್ರಪ್ಪಾ. ಗಾಡಿ ಕಟ್ರಿ, ದವಾಖಾನಿಗೆ ಒಯ್ರಿ."

"ಅಮ್ಮ ಮಾತಾಡಾದು ನನ್ನ ಬಾಯಿಲೆ," ಎಂದ ಪೂಜಾರಿ. ಗೌಡ ನಕ್ಕ.

ಬಿಡಿಸಿದ ಹತ್ತಿ ಗುಡ್ಲಿನ ಮುಂದೆಯೇ ರಾಶಿಯಾಗಿ ಬೆಳೆದಿತ್ತು. ಗಾಡಿಗೆ ತುಂಬುವ ದಿನ ಈರಮ್ಮ ಒಳಗಿನಿಂದ ತೆವಳಿ ಬಂದಳು. ರಾಶಿ ಏರಿದಳು. ಸೀರೆ ಎತ್ತಿ ಕುಂತಳು.

"ಏಯ್! ಇಳಿ ಕೆಳಗ, ಹೊಲಸು ಮುದುಕಿ! ಹತ್ತಿ ಎಲ್ಲಾ ಕೆಡಿಸಿದಿ!" ಗೌಡ ಕಿರುಚಿದ.

"ಹೊಲಸು ಯಾಕ್ರಿ ಗೌಡ್ರ? ಅಮ್ಮನ ಪರಸಾದ ಐತಿ. ತಲಿಮ್ಯಾಲ ಇಟ್ಕೊರ್ರಿ."

ಓಬಣ್ಣ ಕೆಂಪಾದ ರಾಶಿ ನೋಡಿದ. ಗೌಡನ ಮುಖ ನೋಡಿದ. ಜೋಳಿಗೆ ಬಿಚ್ಚಿ ಒಗೆದ. ಹೊಲದಲ್ಲಿ ಬಗ್ಗಿದ್ದವರು ಒಬ್ಬೊಬ್ಬರಾಗಿ ನೆಟ್ಟಗೆ ನಿಂತರು.

"ಹೊರಸು ತಾ ಹುಲಿಗಿ. ನಿಮ್ಮವ್ವನ್ನ ಹೊತ್ಕೊಂಡು ಹೋಗೋಣು," ಎಂದ ಓಬಣ್ಣ.

"ನಮ್ ಕೂಲಿ?" ಎಂದಳೊಬ್ಬಳು.

"ಬಂದು ತಗೋತೀವಿ. ಹತ್ತಿ ಎಲ್ಲಿಗಿ ಹೋಗತೈತಿ? ಈಗ ಅದನ್ನ ಯಾರು ಮುಟ್ಟತಾರ!"

ಈರಮ್ಮನನ್ನು ಮಲಗಿಸಿ ನಾಲ್ವರು ಆ ನುಲಿಮಂಚ ಎತ್ತಿದರು. ಕುರುಗೋಡಿನ ಬಸ್ಸಿನ ದಾರಿಯುದ್ದಕ್ಕೂ ನುಲಿಯ ಸಂದಿನಿಂದ ಕೆಂಪು ಹನಿ ಬೀಳುತ್ತಿತ್ತು. ಈಗ ಅದಕ್ಕೆ ಯಾರೂ ಕೈಮುಗಿಯಲಿಲ್ಲ.